ಸತ್ತವರು ಮಾತಾಡುವಂತಿಲ್ಲ

ಹೊಸಪೇಟೆಯ ಗೋಪೀನಾಥರಾಯರು ಒಂದು ಭಾನುವಾರ ಮಧ್ಯಾಹ್ನ, ಊಟ ಮುಗಿದು ಎಲೆಯಡಿಕೆ ಹಾಕಿಕೊಂಡ ಮೇಲೆ, ಹೆಂಡತಿ, ಸೊಸೆ ಮತ್ತು ಪಕ್ಕದ ಮನೆಯವನ ಸಮಕ್ಷಮದಲ್ಲಿ ತೀರಿಕೊಂಡರು. ಸಂಜೆಯೊಳಗೆ ಎದ್ದು ಕೂತರು. ನಡುವಿನ ಅವಧಿಯಲ್ಲಿ ನಡೆದದ್ದನ್ನು ಆ ಓಣಿಯವರು ಇವತ್ತಿಗೂ ತಲೆಗೊಂದು ಬಗೆಯಲ್ಲಿ ಹೇಳುತ್ತಾರೆ. ನಿಜವಾಗಿ ನಡೆದದ್ದು ಹೀಗೆ.

ರಾಯರು ಸರ್ಕಾರಿ ಕಚೇರಿಯೊಂದರಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಅವರಿದ್ದಷ್ಟು ಕಾಲ ಅವರ ಮೇಜಿನಿಂದ ಯಾವ ಅರ್ಜಿಯೂ ಒಂದೇ ಸಲಕ್ಕೆ ದಾಟಿದ್ದಿಲ್ಲ. ಲಂಚದ ಮಾತನ್ನು ಅವರ ಶತ್ರುಗಳೂ ಆಡಲಾರರು. ಅರ್ಜಿಯ ಅಂಚಿನಲ್ಲಿ ಜಾಗ ಬಿಟ್ಟಿಲ್ಲ, ಸಹಿಯ ಶಾಯಿ ಬೇರೆ ಬಣ್ಣದ್ದು, ‘ಮೇಲ್ಕಂಡ’ ಎಂದಿರಬೇಕಾದಲ್ಲಿ ‘ಕೆಳಕಂಡ’ ಎಂದಿದೆ, ಇಂಥವು ಅವರ ಕಾರಣಗಳು. ಊರಿಗೆ ಊರೇ ಗಣಿಯ ಕೆಂಪು ಧೂಳಿನಲ್ಲಿ ಮಿಂದು, ನಿನ್ನೆ ಸೈಕಲ್ ತುಳಿಯುತ್ತಿದ್ದವನು ಇವತ್ತು ಟಿಪ್ಪರ್ ಕೊಂಡು, ಕಾಯಿದೆ ಅನ್ನುವ ಮಾತು ಕೇಳಿದರೆ ಜನ ನಗುತ್ತಿದ್ದ ಆ ವರ್ಷಗಳಲ್ಲಿ, ರಸ್ತೆ ದಾಟುವ ಮೊದಲು ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ ನೋಡುತ್ತಿದ್ದವರು ಅವರೊಬ್ಬರೇ. ಹಾಗೆ ನೋಡುತ್ತ ನಿಂತು, ಅದಿರಿನ ಲಾರಿಗಳ ಸಾಲು ಮುಗಿಯದೆ, ಹಾಲು ತರದೆ ಮನೆಗೆ ವಾಪಸಾದ ದಿನಗಳೂ ಉಂಟು.

ಮನೆಯಲ್ಲಿ ಹೆಂಡತಿ ಸರಸ್ವತೀಬಾಯಿ. ಮಗ ಭಾರ್ಗವ್ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಇಂಜಿನಿಯರು, ಶಿಫ್ಟು ಹೋದ ಹಾಗೆ ಅವನು. ಹಿಂದಿನ ವರ್ಷ ಮನೆ ತುಂಬಿದ ಸೊಸೆ ಅರ್ಚಿತಾ ಹಂಪಿಯಲ್ಲಿ ಬಿದ್ದ ಮಂಟಪಗಳನ್ನು ಅಳೆದು ನಕ್ಷೆ ಬರೆಯುವ ತಂಡದಲ್ಲಿದ್ದಳು. ಮಾವ ಸೊಸೆಯರ ನಡುವೆ ದಿನಕ್ಕೆ ನಡೆಯುತ್ತಿದ್ದ ಮಾತುಕತೆ ಇಷ್ಟೇ: “ಕಾಫಿ, ಮಾವಾ?” “ಹೂಂ.” ಸೊಸೆಯ ಜೊತೆ ಎಷ್ಟು ಮಾತಾಡಬೇಕು, ಏನು ಮಾತಾಡಬೇಕು ಅನ್ನುವುದಕ್ಕೆ ರಾಯರಿಗೆ ಯಾವ ನಿಯಮಾವಳಿಯೂ ಸಿಕ್ಕಿರಲಿಲ್ಲ. ನಿಯಮ ಇಲ್ಲದ ಕೆಲಸಕ್ಕೆ ಅವರು ಕೈ ಹಾಕುವವರಲ್ಲ.

ಹೀಗಿರಲು ಒಂದು ಭಾನುವಾರ ಕರೆಂಟು ಹೋಗಿ ಟೀವಿ ನಿಂತಾಗ ಅರ್ಚಿತಾ ಒಂದು ಆಟ ಹೊರಗೆ ತೆಗೆದಳು. ಹಂಪಿಯ ಕ್ಯಾಂಪಿನಲ್ಲಿ ಜೊತೆಗಾರರು ಕಲಿಸಿದ್ದು. ಆಡುವವರು ಒಬ್ಬೊಬ್ಬರು ಒಂದೊಂದು ಪಾತ್ರ ಆಗಬೇಕು. ಗೇಮ್ ಮಾಸ್ಟರ್ ಅನ್ನುವವಳು, ಅಂದರೆ ಅರ್ಚಿತಾ, ‘ನಿಮ್ಮೆದುರು ಹಿಂಗೊಂದು ಕೋಟೆ ಅದ, ಬಾಗಿಲು ಮುಚ್ಚ್ಯದ, ಏನ್ ಮಾಡ್ತೀರಿ?’ ಎಂದು ಕೇಳುತ್ತಾಳೆ. ಆಡುವವರು ಮಾಡುವುದನ್ನು ಬಾಯಲ್ಲಿ ಹೇಳಬೇಕು. ಆಗುತ್ತದೋ ಇಲ್ಲವೋ ಅನುಮಾನ ಬಂದರೆ ಇಪ್ಪತ್ತು ಮುಖದ ದಾಳ ಉರುಳಿಸಬೇಕು.

“ಜೂಜೇನಮ್ಮಾ ಇದು?” ಎಂದು ರಾಯರು ಹುಬ್ಬು ಗಂಟು ಹಾಕಿದರು.

“ಅಲ್ಲ ಮಾವಾ. ಇದಕ್ಕ ನಿಯಮದ ಪುಸ್ತಕ ಅದ,” ಎಂದು ಅರ್ಚಿತಾ ಇಟ್ಟಿಗೆಯಷ್ಟು ದಪ್ಪದ ಝೆರಾಕ್ಸ್ ಪ್ರತಿಯನ್ನು ಅವರ ಕೈಗಿಟ್ಟಳು.

ಮುಂದಿನ ಭಾನುವಾರದ ತನಕ ರಾಯರು ಆ ಪುಸ್ತಕ ಬಿಟ್ಟು ಏಳಲಿಲ್ಲ. ಕೆಂಪು ಪೆನ್ಸಿಲ್ ಹಿಡಿದು, ಒಂದಕ್ಕೊಂದು ತಾಳೆಯಾಗದ ಕಲಮುಗಳನ್ನೆಲ್ಲ ಗುರುತು ಹಾಕಿ, “ಭಾಳ ಛಲೋ ಬರದಾರ, ಭಾಳ ಛಲೋ,” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ನಿವೃತ್ತಿಯಾದ ಮೇಲೆ ಅವರ ಮುಖದಲ್ಲಿ ಅಂಥ ಕಳೆಯನ್ನು ಸರಸ್ವತೀಬಾಯಿ ನೋಡಿರಲಿಲ್ಲ. ಕೊನೆಯ ಪುಟದಲ್ಲಿ ಮಾತ್ರ ಒಂದು ಸಾಲು ಅವರಿಗೆ ಸರಿಬರಲಿಲ್ಲ. ‘ಪುಸ್ತಕದಲ್ಲಿ ಇರಲಿ ಬಿಡಲಿ, ಗೇಮ್ ಮಾಸ್ಟರ್ ಹೇಳಿದ್ದೇ ಅಂತಿಮ’ ಎಂದಿತ್ತು. ಇಷ್ಟು ಕಷ್ಟಪಟ್ಟು ನಿಯಮ ಬರೆದವರು ಕೊನೆಗೆ ಇಂಥ ಮಾತು ಬರೆಯಲಾರರು, ಇದು ಟೈಪು ಮಾಡಿದವನ ತಪ್ಪಿರಬೇಕು ಎಂದು ತೀರ್ಮಾನಿಸಿ ಅದರ ಮೇಲೆ ಕೆಂಪು ಗೆರೆ ಎಳೆದರು.

ಪಕ್ಕದ ಮನೆಯ ಲಿಂಗರಾಜ್‌ನನ್ನೂ ಆಟಕ್ಕೆ ಸೇರಿಸಿಕೊಂಡರು. ಎರಡು ಟಿಪ್ಪರ್ ಇಟ್ಟುಕೊಂಡು, ಎರಡು ಮೊಬೈಲಿನಲ್ಲಿ ಒಟ್ಟಿಗೇ ಕೂಗುತ್ತ ಓಡಾಡುವ ಹುಡುಗ. ಅವನು ಜಟ್ಟಿಯ ಪಾತ್ರ ತೆಗೆದುಕೊಂಡ. ಸರಸ್ವತೀಬಾಯಿ ಒಂದು ಕ್ಷಣವೂ ಯೋಚಿಸದೆ, “ನಾ ಕಳ್ಳಿ ಆಗ್ತೀನಿ,” ಅಂದರು.

“ಏನಂದಿ?” ಎಂದರು ರಾಯರು.

“ಮದುವಿ ಆದಾಗಿಂದ ನೆಟ್ಟಗ ನಡದದ್ದೇ ಆತಲ್ರಿ. ನನ್ನ ಹೆಸರು ಚಿನ್ನಿ ಅಂತ ಬರ್ಕೋ ಅರ್ಚಿತಾ.”

ರಾಯರು ಕಬ್ಬಿಣದ ಕವಚ ತೊಟ್ಟು ಈ ತಂಡದ ಕಾವಲುಗಾರರಾದರು. ಪಾತ್ರಕ್ಕೆ ಏನು ಹೆಸರು ಎಂದು ಕೇಳಿದಾಗ, “ಹೆಸರು ಅನ್ನೋ ಕಾಲಂನಾಗ ಸುಳ್ಳು ಬರದ್ರ ಅದು ಖೊಟ್ಟಿ ದಾಖಲಿ ಆಗ್ತದ,” ಎಂದು ಗೋಪೀನಾಥರಾವ್ ಎಂದೇ ಬರೆಸಿದರು. ಮುಂದಿನ ಅನಾಹುತಕ್ಕೆಲ್ಲ ಈ ಪ್ರಾಮಾಣಿಕತೆಯೇ ಮೂಲ.

ಆಟ ಶುರುವಾದದ್ದೇ ತಡ, ಮಾವ ಸೊಸೆಗೆ ಜಟಾಪಟಿ ಹತ್ತಿತು. ಕೋಟೆಯ ಬೀಗದ ಕೈ ಕದಿಯಲು ಹೋದ ಚಿನ್ನಿ, ಎದುರಾದ ದ್ವಾರಪಾಲಕನ ಕಣ್ಣಿಗೆ ಖಾರದಪುಡಿ ಎರಚಿದೆ ಅಂದಳು.

“ಪುಸ್ತಕದಾಗ ಖಾರದಪುಡಿ ಇಲ್ಲ,” ಎಂದರು ರಾಯರು.

“ಎಲ್ಲಾನೂ ಪುಸ್ತಕದಾಗ ಇರೋದಿಲ್ಲ ಮಾವಾ. ಇಲ್ಲದ್ದನ್ನ ತೀರ್ಮಾನ ಮಾಡ್ಲಿಕ್ಕೇ ನಾ ಇರೋದು. ದ್ವಾರಪಾಲಕ ಕಣ್ಣು ಉಜ್ಜಿಕೊಂಡು ಕೂತ. ಅತ್ತೆ ಒಳಗ ಹೋದ್ರು.”

“ಹಿಂಗ ತಮ್ಮ ತಮ್ಮ ಮನಸ್ಸಿಗೆ ಬಂದದ್ದು ತೀರ್ಮಾನ ಮಾಡಿದ್ರ ಪುಸ್ತಕ ಯಾಕ ಬೇಕಮ್ಮಾ? ಇವತ್ತು ಖಾರದಪುಡಿ. ನಾಳೆ ಇಕಿ ಉಪ್ಪಿನಕಾಯಿ ತಗೊಂಡು ಆನಿ ಹೊಡೀತೀನಿ ಅಂತಾಳ.”

“ಯಾಕ ಹೊಡೀಬಾರದು?” ಎಂದರು ಸರಸ್ವತೀಬಾಯಿ.

ಹೀಗೆ ಭಾನುವಾರಗಳು ಕಳೆದವು. ವಾರವೆಲ್ಲ ಕಾಫಿಯ ಎರಡು ಮಾತಿನಲ್ಲಿ ಮುಗಿಯುತ್ತಿದ್ದ ಮಾವ ಸೊಸೆ ಈಗ ಸೋಮವಾರ ಬೆಳಿಗ್ಗೆಯೇ ಹಲ್ಲುಜ್ಜುತ್ತ, “ನಿನ್ನೆ ನೀ ಆ ಗೋಡಿ ಹತ್ತಲಿಕ್ಕೆ ಬಿಟ್ಟದ್ದು ತಪ್ಪು,” “ಬಿಡಲಿಲ್ಲಂದ್ರ ಆಟ ಅಲ್ಲೇ ನಿಲ್ತಿತ್ತು ಮಾವಾ,” ಎಂದು ಶುರುಮಾಡುತ್ತಿದ್ದರು. ಅಡಿಗೆಮನೆಯಲ್ಲಿ ನಿಂತು ಇದನ್ನು ಕೇಳುತ್ತಿದ್ದ ಸರಸ್ವತೀಬಾಯಿ ಸಾರಿನ ಒಗ್ಗರಣೆಗೆ ಒಂದು ಚಮಚ ತುಪ್ಪ ಜಾಸ್ತಿ ಹಾಕುತ್ತಿದ್ದರು.

ಆಮೇಲೆ ಲಿಂಗರಾಜನ ಜಟ್ಟಿಯನ್ನು ಕರಡಿ ಕೊಂದಿತು. ಸತ್ತ ಮೇಲೂ ಅವನು ಸುಮ್ಮನಿರಲಿಲ್ಲ. “ಬಲಕ್ಕ ಹೋಗ್ರಿ ರಾಯರೇ, ಬಲಕ್ಕ! ಅಕ್ಕಾರೇ, ಆ ಗವಿ ಬ್ಯಾಡ!” ಎಂದು ಪರಲೋಕದಿಂದ ಸಲಹೆ ಕೊಡತೊಡಗಿದ. ರಾಯರು ಪುಸ್ತಕವೆಲ್ಲ ತಿರುವಿದರು. ಸತ್ತವರ ನಡವಳಿಕೆಯ ಬಗ್ಗೆ ಒಂದಕ್ಷರವೂ ಇರಲಿಲ್ಲ. ಇದೊಂದು ದೊಡ್ಡ ಲೋಪ ಎಂದು ಅವರೇ ಪೆನ್ನು ತೆಗೆದು ಕೊನೆಯ ಪುಟದಲ್ಲಿ ಸೇರಿಸಿದರು: ‘ಸತ್ತವರು ಮಾತಾಡುವಂತಿಲ್ಲ, ಸನ್ನೆ ಮಾಡುವಂತಿಲ್ಲ, ಆಟ ಮುಗಿಯಿತೆಂದು ಗೇಮ್ ಮಾಸ್ಟರ್ ಸಾರುವ ತನಕ ಚಾಪೆಯ ಮೇಲೆ ಮಲಗಿರತಕ್ಕದ್ದು.’ ಪಾಪ, ಲಿಂಗರಾಜ್ ಆ ದಿನ ಸಂಜೆಯ ತನಕ ಚಾಪೆಯ ಮೇಲೆ ಅಂಗಾತ ಬಿದ್ದಿದ್ದ. ಜೇಬಿನಲ್ಲಿ ಎರಡೂ ಮೊಬೈಲು ಹೊಡೆದುಕೊಂಡವು. ಎತ್ತಲು ರಾಯರು ಬಿಡಲಿಲ್ಲ. ಅವನ ಡ್ರೈವರ್ ಸಂಡೂರಿನ ರಸ್ತೆಯಲ್ಲಿ ಪಂಕ್ಚರ್ ಆದ ಟಿಪ್ಪರ್ ಪಕ್ಕದಲ್ಲಿ, ಯಜಮಾನನಿಗೆ ಏನಾಯಿತೋ ಎಂದು ಕಂಗಾಲಾಗಿ ಕೂತಿದ್ದ.

ಅದರ ಮುಂದಿನ ಭಾನುವಾರವೇ ರಾಯರ ಸರದಿ ಬಂತು.

ಮೂವರೂ ಹರಿಗೋಲಿನಲ್ಲಿ ಹೊಳೆ ದಾಟುತ್ತಿದ್ದರು. ಲಿಂಗರಾಜ್ ಈಗ ಜಟ್ಟಿಯ ತಮ್ಮನಾಗಿದ್ದ. ಹೊಳೆ ತುಂಬಿ ಬಂದಿತ್ತು. ನಡುನೀರಿನಲ್ಲಿ ಹರಿಗೋಲು ಬಂಡೆಗೆ ಬಡಿಯಿತು.

“ಅತ್ತೆ ನೀರಿಗೆ ಬಿದ್ರು,” ಎಂದಳು ಅರ್ಚಿತಾ. “ಸೆಳವು ಜೋರದ. ಏನ್ ಮಾಡ್ತೀರಿ?”

ಲಿಂಗರಾಜ್ ತನ್ನ ಗಂಟುಮೂಟೆ ನೆನೆಯದಂತೆ ಹಿಡಿದುಕೊಂಡೆ ಅಂದ. ಯಾವ ಕೆಲಸಕ್ಕೂ ಮೊದಲು ‘ಎಷ್ಟನೇ ಪುಟ?’ ಎಂದು ಕೇಳುತ್ತಿದ್ದ ರಾಯರು ಈ ಸಲ ಪುಸ್ತಕ ಮುಟ್ಟಲಿಲ್ಲ.

“ಹಾರಿದೆ.”

“ಮಾವಾ, ಮೈಮ್ಯಾಲೆ ಕಬ್ಬಿಣದ ಕವಚ ಅದ.”

“ಹಾರಿದೆ ಅಂದೆನಲ್ಲ. ಅಕಿನ್ನ ಹರಿಗೋಲಿಗೆ ಹತ್ತಿಸಿದೆ.”

ಹತ್ತಿಸಿದ್ದು ಆಯಿತು. ಆಮೇಲೆ ಕವಚದ ನೆನಪು ಬಂದು, ಅವರೇ ಪುಟ ತೆಗೆದು, ಅವರೇ ಓದಿದರು. ಕವಚ ತೊಟ್ಟು ಹರಿಯುವ ನೀರಿಗೆ ಇಳಿದವನು ಬದುಕಬೇಕಾದರೆ ದಾಳದಲ್ಲಿ ಹದಿನೈದರ ಮೇಲೆ ಬೀಳಬೇಕು. ದಾಳ ಉರುಳಿಸಿದರು. ಮೂರು ಬಿತ್ತು.

ಅರ್ಚಿತಾ ಮುಖ ಸಣ್ಣದು ಮಾಡಿದಳು. “ಕವಚದ ಪಟ್ಟಿ ಹರ್ಕೊಂಡ್ರಿ ಅಂತ ಇಟ್ಕೊಳ್ಳೋಣ ಮಾವಾ. ಇನ್ನೊಮ್ಮೆ ಹಾಕ್ರಿ. ನಾ ಬಿಡ್ತೀನಿ.”

“ಬ್ಯಾಡಮ್ಮಾ. ಮನಿಯವರು ಅಂತ ಸಡಿಲ ಮಾಡಿದ್ರ ಅದಕ್ಕ ಬೆಲಿ ಇರೋದಿಲ್ಲ. ಇಕಿ ಉಳದ್ಲೋ ಇಲ್ಲೋ, ಅದೊಂದು ಹೇಳು.”

“ಅತ್ತೆ ಉಳದ್ರು.”

“ಹಂಗಾದ್ರ ಸರಿ,” ಎಂದು ರಾಯರು ಸತ್ತರು.

ರೇಷನ್ ಅಂಗಡಿಯ ಸಾಲಿನಲ್ಲಿ ಹೆಂಡತಿಯನ್ನು ತಮ್ಮ ಮುಂದೆ ನಿಲ್ಲಿಸಿಕೊಂಡರೆ ಹಿಂದಿನವರಿಗೆ ಅನ್ಯಾಯ ಎಂದು ಅವಳನ್ನು ಕೊನೆಗೆ ಕಳಿಸಿದ ಮನುಷ್ಯ ಇವರು. ಸರಸ್ವತೀಬಾಯಿ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತ ಅಡಿಗೆಮನೆಗೆ ಎದ್ದು ಹೋದರು. ಲಿಂಗರಾಜ್ ಮಾತ್ರ ಹಬ್ಬ ಬಂತೆನ್ನುವ ಹಾಗೆ ಚಾಪೆ ಹಾಸಿದ.

“ಬರ್ರಿ ರಾಯರೇ. ಮಲಗ್ರಿ. ಸತ್ತವರು ಮಾತಾಡಂಗಿಲ್ಲ.”

ರಾಯರು ಮಾತಾಡದೆ ಪಡಸಾಲೆಯ ಚಾಪೆಯ ಮೇಲೆ ಅಂಗಾತ ಮಲಗಿದರು. ಕರೆಂಟಿಲ್ಲ, ಫ್ಯಾನಿಲ್ಲ, ನೊಣಗಳ ಕಾಟ. ಹಸಿ ಟವಲನ್ನು ಮುಖದ ಮೇಲೆ ಎಳೆದುಕೊಂಡರು. ಅಷ್ಟರಲ್ಲಿ ಭಾರ್ಗವ್‌ನ ಫೋನು ಬಂತು. ಅವನು ಕಂಪನಿ ಬಸ್ಸಿನಿಂದ ಬೈಪಾಸಿನಲ್ಲಿ ಇಳಿದಿದ್ದ. “ಆಟ ನಿಂತದ, ಮುಗಿದಿಲ್ಲ. ಇವರನ್ನ ಕರ್ಕೊಂಡು ಈಗ ಬಂದೆ,” ಎಂದು ಅರ್ಚಿತಾ ಸ್ಕೂಟಿ ಹತ್ತಿದಳು. ಬೈಪಾಸಿನಲ್ಲಿ ಅದಿರಿನ ಲಾರಿಯೊಂದು ಅಡ್ಡಡ್ಡ ನಿಂತು, ಹಿಂದೆ ಮುಂದೆ ಕಣ್ಣು ಹಾಯುವಷ್ಟು ದೂರ ಲಾರಿಗಳು ಜಮಾಯಿಸಿದ್ದು ಅವಳಿಗೆ ಹೇಗೆ ಗೊತ್ತಾಗಬೇಕು?

ಲಿಂಗರಾಜನಿಗೂ ಕರೆ ಬಂತು. ಒಳಗೆ ಸಿಗ್ನಲ್ ಸಾಲದೆ ಓಣಿಯ ನಡುವೆ ನಿಂತು, ಒಂದು ಕಿವಿ ಮುಚ್ಚಿಕೊಂಡು ಕೂಗಿದ. “ಏ ಈಗ ಹೆಂಗ ಬರ್ಲೋ? ನಮ್ಮ ಗೋಪೀನಾಥರಾಯರು ಹೋಗಿಬಿಟ್ರು!... ಹೂಂನೋ, ಈಗಿನ್ನಾ... ನೀರಾಗ! ಮುಳುಗಿ!... ಏನು, ಪಾಪಿನಾಯಕನಹಳ್ಳಿ ಹತ್ರ ಗಾಡಿ ಹುಗದೈತಾ? ತಡಿ, ಬಂದೆ,” ಎಂದು ಬೈಕು ಹತ್ತಿ ಹೋಗೇಬಿಟ್ಟ.

ಓಣಿಯ ತಿರುವಿನಲ್ಲಿ ಸೊಪ್ಪಿನ ಬುಟ್ಟಿ ಇಳಿಸಿಕೊಂಡು ಕೂತಿದ್ದವಳು ನಿಂಗಕ್ಕ. ಅವಳ ಬುಟ್ಟಿಯಲ್ಲಿ ಸೊಪ್ಪು ಬಾಡಿರಬಹುದು, ಸುದ್ದಿ ಬಾಡಿದ್ದಿಲ್ಲ. ಎದ್ದು ಬಂದು ರಾಯರ ಬಾಗಿಲಿನಿಂದ ಇಣುಕಿದಳು. ಚಾಪೆಯ ಮೇಲೆ ನೆಟ್ಟಗೆ ಚಾಚಿದ ದೇಹ, ಮುಖದ ಮೇಲೆ ಒದ್ದೆ ಬಟ್ಟೆ, ಒಳಗೆ ಒಲೆಯ ಮುಂದೆ ಕಣ್ಣೊರೆಸಿಕೊಳ್ಳುವ ಹೆಂಗಸು. ಇನ್ನು ಯಾರನ್ನು ಏನು ಕೇಳುವುದಿದೆ?

ಸುದ್ದಿ ಓಣಿ ದಾಟುವಷ್ಟರಲ್ಲಿ ರಾಯರು ಕಾಲುವೆಯಲ್ಲಿ ಕಾಲುಜಾರಿ ಬಿದ್ದಿದ್ದರು. ಮೂಲೆಯ ಹೋಟೆಲಿನಲ್ಲಿ ಡ್ಯಾಮಿಗೆ ಬಿದ್ದಿದ್ದರು. ಬಸ್ ಸ್ಟ್ಯಾಂಡ್ ಮುಟ್ಟಿದಾಗ, ರಸ್ತೆ ದಾಟಲು ಬಲಕ್ಕೆ ಎಡಕ್ಕೆ ನೋಡುತ್ತ ನಿಂತವರನ್ನು ಟಿಪ್ಪರ್ ಒಂದು ಕಾಲುವೆಗೆ ತಳ್ಳಿ ಹೋಗಿತ್ತು. ಈ ಕೊನೆಯದನ್ನು ಊರು ತಕ್ಷಣ ನಂಬಿತು.

ಇತ್ತ ರಾಯರಿಗೆ ಊಟದ ಮೇಲಿನ ನಿದ್ದೆ ಹತ್ತಿತ್ತು.

ಎಚ್ಚರಾದಾಗ ತಲೆಯ ಹತ್ತಿರ ಎಣ್ಣೆಯ ದೀಪದ ವಾಸನೆ. ಪಡಸಾಲೆಯ ತುಂಬ ಜನರ ಉಸಿರು. ನಿಂಗಕ್ಕನ ದನಿ. “ಯವ್ವಾ, ಹೆಂಗಾತವ್ವಾ ಇದು?”

ಅಡಿಗೆಮನೆಯ ಬಾಗಿಲಲ್ಲಿ ಸರಸ್ವತೀಬಾಯಿಯ ದನಿ. “ಲಿಂಗರಾಜ ಹೇಳಿದ್ನೇನು ನಿಮಗೆಲ್ಲಾ? ನಾ ನೀರಿಗೆ ಬಿದ್ದೆ ನೋಡ್ರಿ. ಹಿಂದಮುಂದ ನೋಡದ ಹಾರಿದ್ರು. ನನ್ನ ಮ್ಯಾಲೆ ಹತ್ತಿಸಿ ತಾವು ಹೋದ್ರು. ನಮ್ಮ ಮನಿಯವರು ಇಂಥವರು ಅಂತ ನನಗೇ ಗೊತ್ತಿದ್ದಿಲ್ಲ,” ಎಂದು ಹೇಳುತ್ತ ಆಕೆ ಅಳುವಿನ ನಡುವೆ ನಕ್ಕದ್ದೂ ಕೇಳಿಸಿತು.

“ಸೀರಿ ಒಣಗೇ ಐತಲ್ಲೇ,” ಎಂದು ಯಾರೋ ಪಿಸುಗುಟ್ಟಿದರು.

“ಬ್ಯಾರೆ ಉಟ್ಟಿರಬೇಕು ಸುಮ್ನಿರು.”

“ಬಂದವರು ನಿಂತೇ ಇದ್ದೀರಲ್ಲ, ಕುಂದ್ರಿ. ಕಾಫಿ ಮಾಡ್ತೀನಿ. ಅರ್ಚಿತಾ ಬರಲಿ. ಅಕಿ ಮನಸ್ಸು ಮಾಡಿದ್ರ ಇವರನ್ನ ಎಬ್ಬಸ್ತಾಳ,” ಎಂದು ಸರಸ್ವತೀಬಾಯಿ ಒಳಗೆ ಹೋದರು.

ನಿಂಗಕ್ಕ ಹಣೆ ಹಣೆ ಬಡಿದುಕೊಂಡಳು. “ದುಃಖ ತಲಿಗೆ ಏರೈತವ್ವ ಈ ತಾಯಿಗೆ. ಹೆಣ ಮುಂದಿಟ್ಕೊಂಡು ಕಾಫಿ ಕಾಸಾಕ ಹೊಂಟಾಳ!”

ರಾಯರಿಗೆ ಪರಿಸ್ಥಿತಿ ಆಗ ಅರ್ಥವಾಯಿತು. ಏಳಬಹುದಿತ್ತು. ಆದರೆ ಗೇಮ್ ಮಾಸ್ಟರ್ ಬಂದು ಆಟ ಮುಗಿಯಿತೆಂದು ಸಾರಿರಲಿಲ್ಲ. ನಿಯಮ ಬರೆದವರೇ ಒಂದು ವಾರ ಕಳೆಯುವುದರೊಳಗೆ ಮುರಿದರೆ ಲಿಂಗರಾಜ್ ಏನಂದಾನು? ಅದೂ ಅಲ್ಲದೆ, ತನ್ನ ತಲೆಯ ಹತ್ತಿರ ಕೂತು ಎದೆ ಬಡಿದುಕೊಳ್ಳುವ ಹೆಂಗಸಿನ ಮುಂದೆ ಸತ್ತವನು ಯಾವ ಕ್ರಮದಲ್ಲಿ ಏಳಬೇಕು ಅನ್ನುವುದು ಎಲ್ಲೂ ಬರೆದಿಲ್ಲ. ಅರ್ಚಿತಾ ಬರಲಿ ಎಂದು ಬಿದ್ದುಕೊಂಡೇ ಇದ್ದರು.

ಆಗ ಮೂಕಣ್ಣ ಹಾರ ಹಿಡಿದು ಬಂದ. ರಾಯರ ಕಚೇರಿಯಲ್ಲಿ ಜವಾನನಾಗಿದ್ದವನು. “ಎಪ್ಪತ್ತಾಗಿತ್ತಲ್ರಿ ಸಾಹೇಬ್ರಿಗೆ,” ಎಂದು ಶುರುಮಾಡಿದ. ಅರವತ್ತೆರಡರ ರಾಯರ ಕಾಲಿನ ಹೆಬ್ಬೆರಳು ತಾನಾಗಿ ಎದ್ದು ನಿಂತಿತು.

“ಕಾಲು ಅಳ್ಳಾಡಿತು!” ಎಂದು ಒಬ್ಬಾಕೆ ಚೀರಿದಳು.

“ಒಮ್ಮೊಮ್ಮೆ ಹಂಗಾಗತೈತಿ ತಗೀರಿ. ನಮ್ಮ ಮಾವಂದೂ ಆಗಿತ್ತು,” ಎಂದು ಮೂಕಣ್ಣ ಅವಳನ್ನು ಕೂರಿಸಿದ. “ಇಂಥ ಮನುಷ್ಯ ಮತ್ತ ಹುಟ್ಟಂಗಿಲ್ಲ. ನನ್ನ ರಜಾ ಅರ್ಜಿ ಎಷ್ಟು ಸಲ ವಾಪಸ್ ಕೊಟ್ರು ಅಂದ್ರ, ಮಂಜೂರಾಗೋ ಹೊತ್ತಿಗೆ ರಜಾನೇ ಮುಗಿದಿತ್ತು. ನಾ ಭಾಳ ಬೈಕೊಂಡಿದ್ದೆ. ಆದ್ರ ನನ್ನ ಹೆಂಡತಿ ದವಾಖಾನ್ಯಾಗ ಮಲಗಿದ್ದಾಗ ದಿನಾ ಬಂದು ಕೂಡೋರು. ನೋಡುವ ಸಮಯ ಇಂತಿಷ್ಟು ಅಂತ ಬೋರ್ಡ್ ಹಾಕಿದ್ರು ನೋಡ್ರಿ, ಸರಿಯಾಗಿ ಆ ಗಳಿಗಿಗೆ ಒಳಗ ಬರೋರು. ಬೋರ್ಡಿನ ಹೊತ್ತು ಮುಗಿದ ಕೂಡ್ಲೆ ಎದ್ದು ಹೋಗೋರು. ಒಂದು ಮಾತಾಡಿದವರಲ್ಲ. ಆದ್ರ ಒಂದು ದಿನ ತಪ್ಪಿಸಲಿಲ್ಲ.” ಟವಲಿನ ಕೆಳಗೆ ರಾಯರಿಗೆ ಉಸಿರಾಡುವುದು ಕಷ್ಟವಾಯಿತು. ಸೆಕೆಗೆ ಇರಬೇಕು.

ಹೊರಗೆ ಟೆಂಪೋ ನಿಂತ ಸದ್ದಾಯಿತು. “ಕಂಪ್ಲಿಯಿಂದ ತಮ್ಮಾರು ಬಂದ್ರು, ಜಾಗ ಬಿಡ್ರಿ, ಜಾಗ ಬಿಡ್ರಿ,” ಎಂದ ಮೂಕಣ್ಣ. ಫೋನು ಮಾಡಿದವನು ಅವನೇ.

ವಿದ್ಯಾಧೀಶ ರಾಯರ ಒಬ್ಬನೇ ತಮ್ಮ, ಕಂಪ್ಲಿಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಅಣ್ಣ ತಮ್ಮಂದಿರಿಗೆ ಮಾತು ನಿಂತು ವರ್ಷಗಳೇ ಆಗಿದ್ದವು. ಜಗಳ ತಂದೆಯ ಶ್ರಾದ್ಧದ್ದು. ಅವರು ಹೋದದ್ದು ಬೆಳಗಿನ ಜಾವ, ನವಮಿ ಮುಗಿದು ದಶಮಿ ಹತ್ತುವ ಸಂಧಿಯಲ್ಲಿ. ಗೋಡೆ ಗಡಿಯಾರಕ್ಕೆ ಪಂಚಾಂಗ ತಾಳೆ ನೋಡಿ, ದಶಮಿ ಎಂದರು ಗೋಪೀನಾಥರಾಯರು. ‘ಪಕ್ಕದಾಗ ಕೂತಿದ್ದ ಅಮ್ಮ ನವಮಿ ಅಂತಾಳ, ನವಮೀನೇ,’ ಅಂದ ವಿದ್ಯಾಧೀಶ. ಮಾತಿಗೆ ಮಾತು ಬೆಳೆದು, ಅಣ್ಣ ಹೊಸಪೇಟೆಯಲ್ಲಿ ದಶಮಿಗೆ, ತಮ್ಮ ಕಂಪ್ಲಿಯಲ್ಲಿ ನವಮಿಗೆ ಶ್ರಾದ್ಧ ಮಾಡತೊಡಗಿದರು. ಪಿತೃಲೋಕದಲ್ಲಿದ್ದ ತಂದೆಗೆ ಸಾಲುಸಾಲು ಎರಡು ದಿನ ಊಟ. ಮಕ್ಕಳು ಮಾತ್ರ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ವಿದ್ಯಾಧೀಶ ಒಳಗೆ ಬಂದ. ಅಂಗಿಯ ಗುಂಡಿಗಳು ಮೇಲೆ ಕೆಳಗಾಗಿದ್ದವು. ಅಣ್ಣನ ಕಾಲ ಹತ್ತಿರ ಕುಸಿದು ಕೂತು ಪಾದ ಹಿಡಿದುಕೊಂಡ. ರಾಯರಿಗೆ ಆ ಕೈಯ ಗುರುತು ಹತ್ತಿತು.

“ಅಣ್ಣಾ,” ಅಂದ. “ಅಪ್ಪನ ತಿಥಿ ನಿನ್ನ ಲೆಕ್ಕದ ಹಂಗೇ ಇರಲಿ ಅಣ್ಣಾ. ದಶಮೀನೇ ಇರಲಿ. ನಾ ಒಂದು ಮಾತು ಅನ್ನೋದಿಲ್ಲ. ಇಷ್ಟು ವರ್ಷ ನಿನ್ನ ಪಂಕ್ತಿಯಾಗ ಕೂಡ್ಲಿಲ್ಲ ನಾ. ಒಂದು ದಿನದ ಸಲುವಾಗಿ ಎಷ್ಟು ದಿನ ಹಾಳು ಮಾಡ್ಕೊಂಡೆವೋ...”

ಕಾಫಿಯ ತಟ್ಟೆ ಹಿಡಿದು ಬರುತ್ತಿದ್ದ ಸರಸ್ವತೀಬಾಯಿಯ ಲೋಟಗಳ ಕಿಣಿಕಿಣಿ ಬಾಗಿಲಲ್ಲೇ ನಿಂತಿತು. ದೀಪ, ಹಾರ, ಅಳುವ ಮೈದುನ, ಎಲ್ಲ ಈಗ ಆಕೆಗೆ ಕಂಡಿರಬೇಕು. ‘ಅಯ್ಯೋ, ಇದು ಆಟ’ ಅನ್ನುತ್ತಾಳೆ ಎಂದು ರಾಯರು ಕಾದರು. ಸರಸ್ವತೀಬಾಯಿ ಬಾಯಿ ಬಿಡಲಿಲ್ಲ.

ಈ ಮಾತೊಂದು ತಮ್ಮನ ಬಾಯಿಂದ ಬರಲಿ ಎಂದು ರಾಯರು ವರ್ಷಗಟ್ಟಲೆ ಕಾದಿದ್ದರು. ಬಂದಿತ್ತು. ಸಾಕ್ಷಿಗಳ ಸಮೇತ ಬಂದಿತ್ತು. ಸುಮ್ಮನೆ ಮಲಗಿದ್ದರೆ ಗೆದ್ದ ಹಾಗೆ.

“ನವಮಿ,” ಎಂದಿತು ಟವಲು.

ಎದೆ ಬಡಿದುಕೊಳ್ಳುತ್ತಿದ್ದ ನಿಂಗಕ್ಕನ ಕೈ ಅಲ್ಲೇ ನಿಂತಿತು.

“ನವಮೀನೋ ವಿದ್ಯಾ. ಅಮ್ಮ ಹೇಳಿದ್ದೇ ಖರೆ. ನಾ ಗಡಿಯಾರ ನೋಡ್ಲಿಕ್ಕತ್ತಿದ್ದೆ. ಅಕಿ ಅಪ್ಪನ ಕೈ ಹಿಡ್ಕೊಂಡು ಕೂತಿದ್ಲು. ಯಾವಾಗ ಹೋದ್ರು ಅಂತ ಅಕಿಗಿಂತ ನನಗ ಹೆಂಗ ಗೊತ್ತಾಗಬೇಕು?” ಎಂದು ರಾಯರು ಟವಲು ತೆಗೆದು ಎದ್ದು ಕೂತರು.

ನಿಂಗಕ್ಕನ ಕೂಗು ಬಸ್ ಸ್ಟ್ಯಾಂಡಿಗೆ ಮುಟ್ಟಿತೆಂದು ಹೇಳುತ್ತಾರೆ. ಬಾಗಿಲು ಸಣ್ಣದು, ಜನ ಬಹಳ. ಕೆಲವರು ಕಿಟಕಿಯ ಕಡೆ ಓಡಿ ಸರಳು ಹಿಡಿದು ನಿಂತರು. ಒಬ್ಬರು ದೇವರಮನೆಗೆ ನುಗ್ಗಿ ಒಳಗಿನಿಂದ ಚಿಲಕ ಹಾಕಿಕೊಂಡರು. ಮೂಕಣ್ಣ ಮಾತ್ರ ಸರ್ಕಾರಿ ನೌಕರಿಯ ಅಭ್ಯಾಸದಿಂದ ಅಲ್ಲೇ ಕೈಕಟ್ಟಿ ನಿಂತು, “ಸಾಹೇಬ್ರೇ, ಹಾರ ತಂದೀನ್ರಿ. ಏನ್ ಮಾಡ್ಲಿ?” ಎಂದು ಕೇಳಿದ.

“ಹೆಣಕ್ಕ ತಂದದ್ದು ದೇವರಿಗೆ ಬರೋದಿಲ್ಲ. ಬಾಗಲಿಗೆ ಕಟ್ಟು,” ಎಂದರು ರಾಯರು. “ಮತ್ತ ನನಗ ಅರವತ್ತೆರಡು.”

ವಿದ್ಯಾಧೀಶ ಓಡಲಿಲ್ಲ. ಅಣ್ಣನ ಎರಡೂ ಭುಜ ಹಿಡಿದು ಜಗ್ಗಾಡಿಸಿದ. “ಸತ್ತಿಲ್ಲೇನೋ ನೀನು?”

“ಸತ್ತೀನಿ. ಆಟದಾಗ.”

“ಯಾವ ಆಟ? ಯಾವ ಆಟ ಇದು? ನನ್ನ ಎದಿ ಒಡದು ಹೋಗ್ತಿತ್ತಲ್ಲೋ!” ಎಂದು ಮೇಷ್ಟ್ರು ಕೈಗೆ ಸಿಕ್ಕ ದಿಂಬಿನಿಂದ ಅಣ್ಣನಿಗೆ ಬಾರಿಸಿದ. ಬಾರಿಸುತ್ತ ಬಾರಿಸುತ್ತ ಅತ್ತ. ರಾಯರು ಏಟು ತಿನ್ನುತ್ತ, “ನವಮಿ ಅಂತ ಒಪ್ಕೊಂಡೆನಲ್ಲೋ, ಯಾಕ ಹೊಡೀತಿ?” ಅಂದರು.

“ಯಾಕ ನವಮಿ? ದಶಮಿ! ನಾ ಮಾತು ಕೊಟ್ಟಾಗ್ಯದ.”

“ಹೆಣಕ್ಕ ಕೊಟ್ಟ ಮಾತು ಊರ್ಜಿತ ಆಗೋದಿಲ್ಲ. ನವಮಿ.”

“ದಶಮಿ ಅಂದ್ರ ದಶಮಿ!”

“ನವಮಿ!”

ಕಿಟಕಿಯ ಸರಳು ಹಿಡಿದವರು ಒಬ್ಬೊಬ್ಬರಾಗಿ ತಿರುಗಿ ನೋಡಿದರು. ಸತ್ತವನೂ ಅತ್ತವನೂ ಹೀಗೆ ಮೂಗಿಗೆ ಮೂಗು ತಾಗಿಸಿ ಕೂಗಾಡುವುದನ್ನು ಅವರು ಕಂಡಿರಲಿಲ್ಲ. ಸರಸ್ವತೀಬಾಯಿ ಕಾಫಿಯ ತಟ್ಟೆಯನ್ನು ಇಬ್ಬರ ನಡುವೆ ಕುಕ್ಕಿದರು.

“ಎರಡೂ ದಿನ ಮಾಡ್ರಿ. ನವಮಿ ಕಂಪ್ಲ್ಯಾಗ, ದಶಮಿ ಇಲ್ಲಿ. ಆದ್ರ ಎರಡೂ ದಿನ ಇಬ್ಬರೂ ಒಂದೇ ಪಂಕ್ತಿಯಾಗ ಕೂಡಬೇಕು. ಅಡಿಗಿ ನಾ ಮಾಡ್ತೀನಿ. ಇನ್ನ ಬಾಯಿ ಮುಚ್ಚಿ ಕಾಫಿ ಕುಡೀರಿ.”

ಆಗ ಅಂಗಳದಲ್ಲಿ ಸ್ಕೂಟಿ ಬಿದ್ದ ಸದ್ದಾಯಿತು. ಬಾಗಿಲಿಗೆ ಕಟ್ಟುತ್ತಿದ್ದ ಹಾರ, ಮೆಟ್ಟಿಲ ತುಂಬ ಚಪ್ಪಲಿ ನೋಡಿ ಭಾರ್ಗವ್‌ನ ಕಾಲು ಅಲ್ಲೇ ನಿಂತವು. ಅವನಿಗಿಂತ ಮೊದಲು ಒಳಗೆ ಓಡಿ ಬಂದವಳು ಅರ್ಚಿತಾ. “ಮಾವಾ!” ಎಂದು ಕೂಗಿದ ಆ ದನಿ ಕೇಳಿ ರಾಯರು ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಅವಳು ಅವರ ಮುಂದೆ ಕೂತು, ಮುಖ ಮುಚ್ಚಿಕೊಂಡು, ಬಿಕ್ಕಿ ಬಿಕ್ಕಿ ಅತ್ತಳು.

“ಏ ಏ, ಅಳಬಾರದಮ್ಮಾ,” ಎಂದು ರಾಯರು ಗಾಬರಿಯಾದರು. ಸೊಸೆ ಅತ್ತರೆ ಏನು ಮಾಡಬೇಕೋ ಅವರಿಗೆ ತಿಳಿಯದು. ಹಸಿ ಟವಲನ್ನೇ ಕೊಟ್ಟರು. ಅವಳು ಅದರಲ್ಲೇ ಮುಖ ಒರೆಸಿಕೊಂಡಳು. “ನಾ ನಿಯಮ ಮುರಿದೆ. ಸತ್ತಾವ ಮಾತಾಡಿಬಿಟ್ಟೆ. ಏನು ಶಿಕ್ಷಾ ಅದ, ಹೇಳು.”

ಅರ್ಚಿತಾ ಮೂಗೆಳೆದುಕೊಂಡಳು. “ಆಟ ಇನ್ನೂ ಮುಗಿದಿಲ್ಲ. ನೀವು ಇನ್ನೂ ಸತ್ತೇ ಇದ್ದೀರಿ. ಸುಮ್ಮನ ಕೂಡ್ರಿ. ಅದೇ ಶಿಕ್ಷಾ.”

ರಾಯರು ಸುಮ್ಮನೆ ಕೂತರು. ಜನ ನಗುತ್ತ, ಬೈಯುತ್ತ, ಕಾಫಿ ಕುಡಿದು ಹೊರಟರು. ದೇವರಮನೆಯಲ್ಲಿದ್ದವರನ್ನು ಭಾರ್ಗವ್ ಪುಸಲಾಯಿಸಿ ಹೊರಗೆ ತಂದ. ಅದೇ ಹೊತ್ತಿಗೆ ಬೈಕಿನಲ್ಲಿ ಬಂದು ಹಾರ ನೋಡಿದ ಲಿಂಗರಾಜ್, “ಅಯ್ಯೋ, ನಾ ಆಟಕ್ಕ ಅಂದಿದ್ನೆಪ್ಪೋ!” ಎಂದು ಅಳಲು ಬಾಯಿ ತೆಗೆದಾಗ ನಿಂಗಕ್ಕ ಅವನ ಕಾಲರು ಹಿಡಿದು, ಅರ್ಧ ಬುಟ್ಟಿ ಮೆಂತ್ಯ ಸೊಪ್ಪನ್ನು ಅವನ ತಲೆಯ ಮೇಲೆ ಸುರಿದಳು.

ವಿದ್ಯಾಧೀಶ ಕಾಫಿ ಮುಗಿಸಿ, ಗುಂಡಿ ಸರಿಮಾಡಿಕೊಂಡು, “ಏನಮ್ಮಾ ಅದು ಆಟ? ಇಂವಾ ಸತ್ತದ್ದು ಹೆಂಗ?” ಎಂದು ಕೇಳಿದ. ಅರ್ಚಿತಾ ಎಲ್ಲ ಹೇಳಿದಳು. ಹರಿಗೋಲು, ಬಂಡೆ, ಕವಚ, ಹಾರಿದ್ದು. ಹಾರಿದ್ದನ್ನು ಹೇಳುವಾಗ ಸರಸ್ವತೀಬಾಯಿ ನಡುವೆ ಬಾಯಿ ಹಾಕಿ ಇನ್ನೊಂದು ಸಲ ಪೂರ್ತಿ ಹೇಳಿದರು. ಮೇಷ್ಟ್ರು ಗಲ್ಲ ಕೆರೆದುಕೊಂಡ.

“ಯಾವ ಹೊಳಿ ಅದು?”

“ನಮ್ಮ ತುಂಗಭದ್ರೀನೇ ಅಂತ ಇಟ್ಕೊಳ್ರಿ ಚಿಕ್ಕಮಾವಾ. ಹಂಪಿ ಹತ್ರ.”

“ಅಲ್ಲಿಂದ ನೀರು ಎಲ್ಲಿಗೆ ಹೋಗ್ತದ?”

“ಕೆಳಗ... ಕಂಪ್ಲಿ ಕಡೆ.”

“ಮತ್ತ ಅಲ್ಲಿ ನಾ ಇರ್ತೀನಲ್ಲಮ್ಮಾ,” ಎಂದ ವಿದ್ಯಾಧೀಶ. “ದಂಡಿ ಮ್ಯಾಲೆ ನಿಂತೀನಿ. ನಮ್ಮಣ್ಣ ತೇಲಿ ಬರ್ತಾನ. ಎಳಕೊಳ್ಳೋದಿಲ್ಲೇನು ನಾನು?”

ರಾಯರ ಕೈ ಅಭ್ಯಾಸಬಲದಿಂದ ಪುಸ್ತಕಕ್ಕೆ ಹೋಯಿತು. ಹೆಸರು ಬರೆಸದವನು ನಡುವೆ ಆಟಕ್ಕೆ ಬರುವಂತಿಲ್ಲ, ಮುಳುಗಿದವನು ತೇಲುವಂತಿಲ್ಲ, ಹೇಳಬೇಕಾದದ್ದು ಬಹಳ ಇತ್ತು. ಬಾಯಿ ತೆರೆದರು.

“ನೀವು ಮಾತಾಡೋ ಹಂಗಿಲ್ಲ,” ಎಂದರು ಸರಸ್ವತೀಬಾಯಿ.

ಅರ್ಚಿತಾ ಪುಸ್ತಕವನ್ನು ಮೆಲ್ಲಗೆ ಮಾವನ ಕೈಯಿಂದ ತೆಗೆದು ಪಕ್ಕಕ್ಕಿಟ್ಟಳು. “ಇದರಾಗ ಇಲ್ಲ ಮಾವಾ. ನಾ ಹೇಳ್ತೀನಿ. ಚಿಕ್ಕಮಾವಾ, ದಾಳ ಹಾಕ್ರಿ.”

ವಿದ್ಯಾಧೀಶ ಎರಡೂ ಕೈಯಲ್ಲಿ ದಾಳ ಮುಚ್ಚಿ, ಕಣ್ಣು ಮುಚ್ಚಿ, ಬಹಳ ಜೋರಾಗಿ ಎಸೆದ. ಅದು ಚಾಪೆ ದಾಟಿ, ಭಾರ್ಗವ್‌ನ ಕಾಲಸಂದಿಯಲ್ಲಿ ಹಾದು, ಮಂಚದ ಕೆಳಗಿನ ಕತ್ತಲೆಗೆ ಉರುಳಿ ಹೋಗಿ ಗೋಡೆಗೆ ತಾಗಿ ನಿಂತಿತು. ಎಲ್ಲರೂ ಅರ್ಚಿತಾಳ ಮುಖ ನೋಡಿದರು. ಅವಳು ದಾಳ ನೋಡಲು ಬಗ್ಗಲಿಲ್ಲ.

“ಸಿಕ್ಕರು,” ಎಂದಳು. “ಕೈ ಹಿಡಿದು ದಂಡಿಗೆ ಎಳಕೊಂಡ್ರಿ.”

ರಾಯರು ಮಂಚದ ಕಡೆ ಒಮ್ಮೆ ನೋಡಿದರು. ಬಹಳ ಹೊತ್ತೇ ನೋಡಿದರು. ಆಮೇಲೆ ಚಾಪೆಯ ಮೇಲೆ ಸ್ವಲ್ಪ ಸರಿದು, ತಮ್ಮನಿಗೆ ಜಾಗ ಮಾಡಿಕೊಟ್ಟರು.